ಕಂಕುಳ ಕೆಳಗಿನ ಬೆಲ್ಟು

ತುರ್ತು ವಾರ್ಡಿನ ಹಿರಿಯ ನರ್ಸಮ್ಮನ ಬಾಯಿಗೆ ಬೀಗವಿಲ್ಲ. ಅಪಘಾತವಾಗಿ ಬಂದವರು ಬೆಲ್ಟು ಹಾಕಿರಲಿಲ್ಲವೆಂದು ಗೊತ್ತಾದರೆ ಮುಗಿಯಿತು, ಹೊಲಿಗೆ ಹಾಕುವ ಮೊದಲೇ ಅವರ ಜನ್ಮ ಜಾಲಾಡಿಬಿಡುತ್ತಾಳೆ. ಅಂಥವಳು ಇಂದು ಅದೇ ವಾರ್ಡಿನಲ್ಲಿ ರೋಗಿಯಾಗಿ ಮಲಗಿದ್ದಳು. ಪಕ್ಕದ ಮಂಚದಲ್ಲಿ, ನಿನ್ನೆ ತಾನೇ ಅವಳಿಂದ ಮಂಗಳಾರತಿ ಮಾಡಿಸಿಕೊಂಡ, ಕೈ ಮುರಿದ ಲಾರಿ ಡ್ರೈವರ್.

ಆದದ್ದಿಷ್ಟು. ಗಂಡ ಹೆಂಡತಿ ಕಾರಿನಲ್ಲಿ ಓರಗಿತ್ತಿಯ ಮನೆಗೆ ಹೊರಟಿದ್ದರು. ಓರಗಿತ್ತಿಗೋ ಹದ್ದಿನ ಕಣ್ಣು. ಅವಳೆದುರು ಮುದುರಿದ ಬಟ್ಟೆಯಲ್ಲಿ ಇಳಿಯುವುದುಂಟೇ? ನರ್ಸಮ್ಮ ಭುಜದ ಮೇಲೆ ಬರಬೇಕಾದ ಬೆಲ್ಟಿನ ಪಟ್ಟಿಯನ್ನು ಎಡಗಂಕುಳ ಕೆಳಗೆ ತೂರಿಸಿಕೊಂಡಳು. "ಸರಿಯಾಗಿ ಹಾಕ್ಕೊಳ್ಳೇ" ಎಂದ ಗಂಡನಿಗೆ "ನಂಗೇ ಪಾಠ ಹೇಳ್ತೀರಾ?" ಎಂದು ಗದರಿದಳು. ಮುಂದಿನ ತಿರುವಿನಲ್ಲೇ ಕಾರು ನಿಂತಿದ್ದ ಟ್ರಕ್ಕಿಗೆ ಗುದ್ದಿತು. ಗಂಡನ ಮೈಮೇಲೆ ಒಂದು ಗೀರೂ ಇಲ್ಲ.

"ಎಡಭುಜ ನೋಯ್ತಿದೆ" ಎಂದಳು ಡಾಕ್ಟರಿಗೆ.

"ಬೆಲ್ಟು ಸರಿಯಾಗಿ ಹಾಕಿದ್ರಿ ತಾನೇ ಸಿಸ್ಟರ್?"

ಅವಳ ಚಪ್ಪಲಿ ಹಿಡಿದು ನಿಂತಿದ್ದ ಗಂಡನೇ ಹೇಳಿದ: "ಹಾಕಿದ್ಳು ಡಾಕ್ಟ್ರೇ. ಇವ್ಳು ಹಾಕದೇ ಇರ್ತಾಳಾ?"

"ಹಂಗಾದ್ರೆ ಪಟ್ಟಿ ಒತ್ತಿದ ನೋವು ಅಷ್ಟೆ. ಮಾತ್ರೆ ಕೊಡ್ತೀನಿ, ಸಂಜೆ ಮನೆಗೆ ಹೋಗಿ."

ಸದ್ಯ, ಮಾನ ಉಳಿಯಿತು! ಆದರೆ ಪಟ್ಟಿ ಭುಜವನ್ನು ಮುಟ್ಟಿಯೇ ಇರಲಿಲ್ಲವಲ್ಲ. ಪೆಟ್ಟೇ ಬೀಳದ ಎಡಭುಜ ನೋಯುತ್ತಿದೆಯೆಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಇಂಥದ್ದನ್ನು ಎಷ್ಟು ಜನರಲ್ಲಿ ಕಂಡಿಲ್ಲ ಅವಳು! ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಜೀವ. ಥೂ, ಆಗಲೂ ಅವಳಿಗೆ ಮಾನವೇ ದೊಡ್ಡದಾಗಿ ಕಂಡಿತು. ಡಾಕ್ಟರು ಬಾಗಿಲು ಮುಟ್ಟುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

"ಡಾಕ್ಟ್ರೇ!" ಎಂದು ಕೊನೆಗೆ ಕೂಗಿದಳು. "ಸುಳ್ಳು ಅದು. ಕಂಕುಳ ಕೆಳಗೆ ಹಾಕ್ಕೊಂಡಿದ್ದೆ. ಇಸ್ತ್ರಿ ಕೆಡುತ್ತೆ ಅಂತ."

ಡಾಕ್ಟರು ಓಡಿಬಂದು ಹೊಟ್ಟೆ ಒತ್ತಿ ನೋಡಿದರು. "ಗಟ್ಟಿಯಾಗಿದೆ. ಹೇಳಿದ್ದು ಒಳ್ಳೇದಾಯ್ತು. ಈಗಲೇ ಸ್ಕ್ಯಾನಿಗೆ ಕರ್ಕೊಂಡು ಹೋಗಿ!" ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಂಚ ತಳ್ಳುವಾಗ ನರ್ಸಮ್ಮ ಕಣ್ಣು ಮುಚ್ಚಿಕೊಂಡಳು. ಇನ್ನು ಲಾರಿಯವನ ಸರದಿ, ನಗಲಿ, ಬಾಯಿಗೆ ಬಂದದ್ದು ಅನ್ನಲಿ. ಕಣ್ಣು ಬಿಟ್ಟರೆ, ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ.

"ನಂಗೇನೂ ಕೇಳಿಸ್ಲಿಲ್ಲ ಸಿಸ್ಟರ್" ಎಂದ. "ಬೇಗ ಹುಷಾರಾಗಿ ಬನ್ನಿ."

ನಿನ್ನೆ ಅವಳು ಅವನನ್ನು ಬೈದದ್ದು ಅವನ ಮಕ್ಕಳ ಎದುರಿಗೆ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.