ಹಕ್ಕಿ ಮುಟ್ಟದ ತೆನೆಗಳು

"ಬಿಸಿ ಇದ್ದಾಗನ ತಿನ್ರಿ ಅಕ್ಕಾರ, ಆರಿದ್ರ ಹಾಲು ಬತ್ತತೈತಿ," ಎಂದು ಗುರುಬಸವ್ವ ಇನ್ನೊಂದು ಬೊಗಸೆ ಸೀತನಿಯನ್ನು ಮಹಾನಂದಾಳ ತಟ್ಟೆಗೆ ಸುರಿದಳು. ಆಗಷ್ಟೇ ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಮೊರದಲ್ಲಿ ತಿಕ್ಕಿ, ಹೊಟ್ಟು ಊದಿದ ಕಾಳುಗಳು. ಹಸಿರು ಇನ್ನೂ ಹೋಗಿರಲಿಲ್ಲ. ನಂಚಿಕೊಳ್ಳಲು ಪಕ್ಕದಲ್ಲಿ ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ, ಗಟ್ಟಿ ಮೊಸರು.

ಮಹಾನಂದಾ ತಿಂದಳು. ಹಸಿವಿಗಿಂತ ಹೆಚ್ಚಾಗಿ ದಣಿವಿತ್ತು. ಎರಡು ದಿನದ ರೈಲು, ಬೈಲಹೊಂಗಲದ ತಂಗಿಯ ಮನೆಯಲ್ಲಿ ಅರೆಬರೆ ನಿದ್ದೆ, ಬೆಳಿಗ್ಗೆ ಎದ್ದು ಎರಡು ಬಸ್ಸು. ಕಟಕೋಳದಲ್ಲಿ ಇಳಿದಾಗ ಕಾಲು ಬಾತು ಚಪ್ಪಲಿ ಬಿಗಿಯಾಗಿತ್ತು. ಹೊಲಕ್ಕೆ ಬಂದವಳೇ ತನ್ನ ಪ್ರಯೋಗದ ಜೋಳದ ಮಡಿಯ ಕಡೆ ಹೊರಟಿದ್ದಳು, ಗುರುಬಸವ್ವ ಬಿಡಲಿಲ್ಲ. ಬನ್ನಿ ಗಿಡದ ನೆರಳಿಗೆ ಕರೆತಂದು, ಕಂಬಳಿ ಹಾಸಿ, ಕೇಳದೆಯೇ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಹಿಂದೆ ಇಟ್ಟಳು. ಐವತ್ತೇಳು ವರ್ಷದ ಹೆಂಗಸಿಗೆ ಬೆನ್ನು ನೋಯುತ್ತಿರುತ್ತದೆ ಎಂಬುದು ಸಂಶೋಧನಾ ಕೇಂದ್ರದಲ್ಲಿ ಇಷ್ಟು ವರ್ಷ ಜೊತೆಗೆ ದುಡಿದವರಿಗೂ ಹೊಳೆದಿರಲಿಲ್ಲ.

"ಭಾಳ ಸೊರಗೀರಿ. ಆ ನಿಮ್ಮ ಮಿಶಿನ್ನ ನಿಮ್ಮ ರಕ್ತಾ ಹೀರತೈತೇನ್ರಿ?"

"ಅದಕ್ಕ ನನ್ನ ರಕ್ತ ಎಲ್ಲಿ ಸಾಕಾಗಬೇಕು, ಗುರುಬಸವ್ವಾ. ಊರ ಕರೆಂಟ ಸಾಕಾಗಂಗಿಲ್ಲ."

ಗುರುಬಸವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆ ಯಂತ್ರ ದೂರದ ಊರೊಂದರಲ್ಲಿತ್ತು. ತೊರಗಲ್ಲಿನ ಕೋಟೆಗೋಡೆಯಷ್ಟು ದಪ್ಪದ ಕಾಂಕ್ರೀಟಿನ ಹಿಂದೆ ಉದ್ದನೆಯ ತಾಮ್ರದ ಕೊಳವೆ, ಅದರೊಳಗೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳ ಕಿರಣ. ದೊಡ್ಡ ಯಂತ್ರಗಳಿಗೆ ಹೋಗಬೇಕಾದ ಭಾಗಗಳನ್ನು ಮೊದಲು ಅಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಬೇರೆಯವರ ಪರೀಕ್ಷೆ ಮುಗಿದು ಉಳಿದ ಗಂಟೆಗಳಲ್ಲಿ ಮಹಾನಂದಾ ಕಿರಣದ ದಾರಿಯಲ್ಲಿ ಜೋಳದ ಬೀಜ ಇಡುತ್ತಿದ್ದಳು. ಹನ್ನೊಂದು ವರ್ಷದಿಂದ ಅವಳದು ಒಂದೇ ಪ್ರಶ್ನೆ. ಅದೇ ಅಳತೆಯ ಕಿರಣವನ್ನು ಕೆಲವು ನಿಮಿಷಗಳ ಕಾಲ ನಿಧಾನವಾಗಿ ಕೊಟ್ಟರೂ, ರೆಪ್ಪೆ ಬಡಿಯುವುದರೊಳಗೆ ಒಮ್ಮೆಗೇ ಸುರಿದರೂ, ಬೀಜಕ್ಕೆ ಎರಡೂ ಒಂದೆಯೋ, ಬೇರೆ ಬೇರೆಯೋ?

ಎರಡು ವರ್ಷದ ಹಿಂದೆ ಅವಳಿಗೆ ಸಿಕ್ಕಿದ್ದು ಮೂರು ಗಂಟೆ. ಅಷ್ಟರಲ್ಲೇ ಕಿರಣ ಹದಿನಾಲ್ಕು ಸಲ ನಿಂತಿತ್ತು. ಪ್ರತಿ ಸಲವೂ ಮತ್ತೆ ಶುರು ಮಾಡಿ, ಬೀಜದ ತಟ್ಟೆ ಬದಲಿಸಿ, ಸೈರನ್ನು ಕೂಗಿಸಿ, ಬಾಗಿಲು ಹಾಕಿ ಕಾಯಬೇಕು. ಬೀಜ ಗುರುಬಸವ್ವನ ಗಂಡ ಶಂಕರೆಪ್ಪನ ಮನೆಯದೇ, ಅವನ ತಾಯಿಯ ಕಾಲದ ಜೋಳ. ಆಳೆತ್ತರ ಬೆಳೆದು ಗಾಳಿಗೆ ಮಲಗಿಬಿಡುವ ಜಾತಿ. ಮೊದಲ ವರ್ಷ ಒಮ್ಮೆಗೇ ಕಿರಣ ತಿಂದ ಬೀಜದ ಗಿಡಗಳಲ್ಲಿ ಕಾಳು ಕಟ್ಟಿದ್ದೇ ಕಡಿಮೆ. ಆ ಒಂದೆರಡು ಹಿಡಿಯನ್ನು ಒಂದೂ ಉಳಿಸದೆ ಈ ವರ್ಷ ಇದೇ ಹೊಲದಲ್ಲಿ ಬಿತ್ತಿದ್ದರು. ಅದರಲ್ಲಿ ಏಳು ಗಿಡ ಮಾತ್ರ ಸೊಂಟದೆತ್ತರಕ್ಕೆ ನಿಂತು, ದಂಟು ದಪ್ಪವಾಗಿ, ಗಾಳಿಗೆ ಅಲುಗದೆ ತೆನೆ ಎತ್ತಿದವು. ನಿಧಾನ ಕಿರಣದ ಸಾಲುಗಳಲ್ಲಿ ಅಂಥದು ಒಂದೂ ಇರಲಿಲ್ಲ. ಆದರೆ ಗಿಡ್ಡ ಗಿಡ ನೆಲದ ದೋಷದಿಂದಲೂ ಆದೀತು. ಅವುಗಳ ಬೀಜ ಬಿತ್ತಿ, ಮಕ್ಕಳೂ ಹಾಗೇ ನಿಂತರೆ ಮಾತ್ರ ಹನ್ನೊಂದು ವರ್ಷಕ್ಕೆ ಒಂದು ಉತ್ತರ. ಯಂತ್ರವನ್ನು ಕಳೆದ ತಿಂಗಳು ಬಿಚ್ಚಿದ್ದರು. ಹೊಸದರಲ್ಲಿ ಬೀಜಕ್ಕೆ ಜಾಗವಿಲ್ಲವೆಂದು ಪತ್ರ ಬಂದಿತ್ತು.

"ಎಷ್ಟು ಸಿಹಿ ಐತಿ," ಎಂದಳು ಮಹಾನಂದಾ, ಕೊನೆಯ ಕಾಳನ್ನು ತಟ್ಟೆಯಿಂದ ಆರಿಸುತ್ತ. "ಯಾವ ಕಡೇದು ಇದು?"

"ನಿಮ್ಮದ ಅಲ್ರಿ!" ಗುರುಬಸವ್ವನ ಮುಖ ಅರಳಿತು. "ಉಳದದ್ದಕ್ಕೆಲ್ಲಾ ಹಕ್ಕಿ ಬಾಯಿ ಹಾಕ್ಯಾವು. ಮನಿಗೆ ಬಂದವರಿಗೆ ಹಕ್ಕಿ ಎಂಜಲಾ ಮಾಡಿದ ತೆನಿ ಸುಡಬಾರದು ಅಂತಿದ್ರು ನಮ್ಮ ಅತ್ತಿ. ನೀವು ತೆನಿಗೆ ಕಾಗದದ ಕುಂಚಿಗಿ ಹಾಕಿ ಹೋಗಿದ್ರೆಲ್ಲ, ಅವು ಏಳೂ ಹೆಂಗಿದ್ವು ಹಂಗ ಇದ್ವು. ದಿನಾ ಬಂದು ನೋಡತಿದ್ದೆ. ಗಾಳಿಗೆ ಒಂದ ಬಿಚ್ಚಿತ್ತು, ಮತ್ತ ನಾನ ಕಟ್ಟಿದೆ. ನೋಡ್ರಿಲ್ಲೆ, ನಿಮ್ಮ ಕುಂಚಿಗೀನೂ ಜ್ವಾಕಿ ಇಟ್ಟೇನಿ."

ಕಂಬಳಿಯ ಮೂಲೆಯಲ್ಲಿದ್ದ ಕಲ್ಲನ್ನು ಎತ್ತಿ ಕೆಳಗಿನಿಂದ ಕಂದು ಕಾಗದದ ಚೀಲಗಳನ್ನು ತೆಗೆದು ಕೊಟ್ಟಳು. ಏಳು. ಒಂದರ ಮೇಲೊಂದು, ಅಂಚಿಗೆ ಅಂಚು ಸೇರಿಸಿ ಮಡಚಿದ್ದವು. ಮೇಲಿನದರ ಮೇಲೆ ಮಹಾನಂದಾಳದೇ ಅಕ್ಷರದಲ್ಲಿ ಒಂದು ಸಂಖ್ಯೆ. ಪಿನ್ನುಗಳನ್ನು ಬೇರೆಯಾಗಿ ಒಂದು ಎಲೆಗೆ ಚುಚ್ಚಿಟ್ಟಿದ್ದಳು, ಕೈಗೆ ಹತ್ತದಂತೆ.

ಮಹಾನಂದಾ ಚೀಲಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಎದ್ದು ನಿಂತು ಮಡಿಯ ಕಡೆ ನೋಡಿದಳು. ಎತ್ತರದ ಜೋಳದ ನಡುವೆ ಆ ಗಿಡ್ಡ ಗಿಡಗಳ ತಲೆಗಳು ಇಲ್ಲಿಂದ ಕಾಣುತ್ತಲೂ ಇರಲಿಲ್ಲ. ಹೋಗಿ ನೋಡುವ ಅವಶ್ಯಕತೆ ಇರಲಿಲ್ಲ. ಬಾಯಲ್ಲಿ ಇನ್ನೂ ಸಿಹಿ ಇತ್ತು. ಕೂತಳು.

"ಯಾಕ್ರಿ ಅಕ್ಕಾರ? ನೀರ ಬೇಕೇನ್ರಿ?"

"ಬ್ಯಾಡ."

ಐದು ವಾರದ ಹಿಂದೆ, ಹೂ ಬಿಡುವ ಮೊದಲು, ಚೀಲ ಕಟ್ಟಲು ಬಂದಾಗ ಶಂಕರೆಪ್ಪನಿಗೆ ಅರ್ಧ ಗಂಟೆ ತಿಳಿಸಿ ಹೇಳಿದ್ದಳು. ಬೇರೆ ಗಿಡದ ಪರಾಗ ಬೀಳಬಾರದು, ತೆನೆ ಪೂರ್ತಿ ಬಲಿಯಬೇಕು, ಬೀಜಕ್ಕೇ ಇಡಬೇಕು. ಹೊರಡುವಾಗ ಬದುವಿನ ಮೇಲೆ ಗುರುಬಸವ್ವ ಕೇಳಿದ್ದಳು, ಇದ್ಯಾಕ್ರಿ ಅಕ್ಕಾರ ಕುಂಚಿಗಿ, ಕೂಸಿಗೆ ಹಾಕಿದಂಗ? ಬಸ್ಸಿಗೆ ಹೊತ್ತಾಗಿತ್ತು. ಮತ್ತೆ ಮೊದಲಿಂದ ಹೇಳುವ ತ್ರಾಣ ಇರಲಿಲ್ಲ. "ಹಕ್ಕಿ ಮುಟ್ಟಬಾರದಂತ," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಅಷ್ಟರಲ್ಲಿ ಶಂಕರೆಪ್ಪ ಎತ್ತುಗಳಿಗೆ ನೀರು ಕುಡಿಸಿಕೊಂಡು ಬಂದ. "ಶರಣ್ರಿ ಬಾಯಾರ. ಇಕಿ ಮಾತಿಗೆ ಕುಂತಳು ಅಂದ್ರ ನಿಮ್ಮ ಕೆಲಸಾ ಆದಂಗ," ಎಂದು ನಗುತ್ತ ಬಂದವನು ಮಹಾನಂದಾಳ ಮಡಿಲಲ್ಲಿದ್ದ ಚೀಲಗಳನ್ನು ನೋಡಿದ. ಮೊರ ನೋಡಿದ. ಬೂದಿಯ ಪಕ್ಕದ ಏಳು ಬೋಳು ತೆನೆಗಳನ್ನು ನೋಡಿದ.

"ಲೇ, ಯಾವ ತೆನಿ ಸುಟ್ಟಿ?"

"ಅಕ್ಕಾರು..."

"ಬೀಜಕ್ಕಂತ ಇಟ್ಟಿದ್ರಲೇ ಅವನ್ನ! ತಲಿ ಐತೋ ಇಲ್ಲೋ ನಿನಗ? ಎರಡು ವರ್ಷದ ದಗದ ಒಂದ ಕುಳ್ಳಿನಾಗ ಸುಟ್ಟಿ!"

ಗುರುಬಸವ್ವ ಹಿಂಡಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಮಹಾನಂದಾಳ ಮುಖ ನೋಡಿದಳು, ಗಂಡನ ಮಾತು ಸುಳ್ಳಿರಲಿ ಎಂಬಂತೆ.

"ಬೈಬ್ಯಾಡ್ರಿ ಶಂಕರೆಪ್ಪಾರ," ಎಂದಳು ಮಹಾನಂದಾ. "ಹಕ್ಕಿ ಸಲುವಾಗಿ ಅಂತ ನಾನ ಹೇಳಿದ್ದೆ ಆಕಿಗೆ."

"ನನಗ ಎಲ್ಲಾ ಬಿಡಿಸಿ ಹೇಳಿದ್ರೆಲ್ರಿ?"

"ನಿಮಗ ಹೇಳಿದ್ದೆ. ನೀವರೆ ಆಕಿಗೆ ಹೇಳಬಾರದಿತ್ತ?"

"ಆಕಿ ಕೇಳಬೇಕಿಲ್ರಿ..."

"ಕೇಳಿದ್ನಿ," ಎಂದಳು ಗುರುಬಸವ್ವ. ಅವಳ ದನಿ ಏರಲಿಲ್ಲ. "ಉಣ್ಣೂಮುಂದ ಕೇಳಿದ್ನಿ. ಅದು ನಿನಗ ತಿಳಿಯೂದಲ್ಲ, ರೊಟ್ಟಿ ಹಾಕು ಅಂದಿ."

ಶಂಕರೆಪ್ಪ ರುಮಾಲು ತೆಗೆದು ಕತ್ತು ಒರೆಸಿಕೊಂಡ. ಜೋಳದ ಸಾಲಿನೊಳಗೆ ನಡೆದು ಹೋದ. ದಂಟುಗಳನ್ನು ಸರಿಸುತ್ತ ಅವನು ಹುಡುಕುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು.

"ಮತ್ತ ಮಾಡಾಕ ಬರತೈತೆಲ್ರಿ ಅಕ್ಕಾರ?" ಗುರುಬಸವ್ವ ಹತ್ತಿರ ಸರಿದಳು. "ಮನ್ಯಾಗ ಅದ ಜ್ವಾಳ ಐತಿ. ಒಂದ ಚೀಲ ಬೇಕಾದ್ರೂ ಒಯ್ರಿ. ಮಿಶಿನ್ನಾಗ ಇಟ್ಟು ತರ್ರಿ. ಈ ಸಲ ನಾನ ಕಾಯತೇನಿ, ಯಾರಿಗೂ ಮುಟ್ಟಗೊಡಂಗಿಲ್ಲ."

"ಮಿಶಿನ್ ಬಿಚ್ಚ್ಯಾರವ್ವಾ."

"ಬಿಚ್ಚಿದ್ದನ್ನ ಜೋಡಸೂದಿಲ್ಲೇನ್ರಿ?"

"ಜೋಡಸ್ತಾರ. ನಮ್ಮ ಸಲುವಾಗಿ ಅಲ್ಲ."

ಮಹಾನಂದಾಳಿಗೆ ಎದ್ದು ಹೋಗಿಬಿಡಬೇಕೆನಿಸಿತು. ಯಾವುದಾದರೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಬೇಕೆನಿಸಿತು. ಆದರೆ ಐದು ವಾರದ ಹಿಂದೆಯೂ ಅವಳಿಗೆ ಹೀಗೇ ಅನಿಸಿತ್ತು. ಚೀಲಗಳನ್ನು ಪಕ್ಕಕ್ಕಿಟ್ಟು, ಗೋಣಿಚೀಲಕ್ಕೆ ಬೆನ್ನು ಕೊಟ್ಟು ಹೇಳತೊಡಗಿದಳು.

"ಒಂದ ಕೊಡ ನೀರು ಸಸಿ ಬುಡಕ್ಕ ಹನಿ ಹನಿ ಬಿಟ್ರ ಏನಾಗತೈತಿ?"

"ಇಂಗತೈತ್ರಿ."

"ಒಮ್ಮಿಗೇ ಸುರುವಿದ್ರ?"

"ಮಣ್ಣ ಕೊಚ್ಚಿ ಹೋಗತೈತಿ. ಬೇರ ಕಾಣತಾವು."

"ನೀರು ಅಷ್ಟ. ಕೊಡಾನೂ ಅದ. ನಾನೂ ಬೀಜಕ್ಕ ಹಂಗ ಮಾಡಿದ್ದೆ, ಕಿರಣದ್ದು. ಒಂದಿಷ್ಟಕ್ಕ ಹನಿ ಹನಿ, ಒಂದಿಷ್ಟಕ್ಕ ಒಮ್ಮಿಗೇ. ಒಮ್ಮಿಗೇ ಸುರುವಿದ ಬೀಜದಾಗ ಏನ ಕೊಚ್ಚಿ ಹೋತು, ಏನ ಉಳೀತು, ಅದ ಅವುಗಳ ಮಕ್ಕಳಿಗೂ ಹೋಗತೈತೋ ಇಲ್ಲೋ... ಅದನ್ನ ನೋಡೂದಿತ್ತು."

ಗುರುಬಸವ್ವ ಬೂದಿಯ ಕಡೆ ನೋಡಿದಳು. "ಅದಕ್ಕ ಆ ಏಳೂ ಗಿಡ್ಡ ಇದ್ವು," ಎಂದಳು. ಆಮೇಲೆ, "ಇಷ್ಟ ಹೇಳಿದ್ರ ಸಾಕಾಗಿತ್ತಲ್ರಿ ಅಕ್ಕಾರ."

"ಹೌದವ್ವಾ. ಸಾಕಾಗಿತ್ತು."

ಮಧ್ಯಾಹ್ನದ ಬಿಸಿಲು ಕಂಬಳಿಯ ಅಂಚಿಗೆ ಬಂದಿತ್ತು. ಗುರುಬಸವ್ವ ಮೂಗನ್ನು ಸೆರಗಿನಿಂದ ಒರೆಸಿಕೊಂಡು, ಹೊಟ್ಟು ತುಂಬಿದ ಮೊರವನ್ನು ಮುಂದಕ್ಕೆಳೆದುಕೊಂಡಳು. ಬೋಳು ತೆನೆಗಳನ್ನೂ ಅದರಲ್ಲಿ ಹಾಕಿ, ಒಂದೊಂದನ್ನೇ ತಿರುವಿ, ಉಗುರಿನಿಂದ ಬಿಡಿಸಿ ನೋಡತೊಡಗಿದಳು.

"ಬೆಂಕಿ ಎಲ್ಲಾ ಕಡೆ ಹತ್ತಿರಂಗಿಲ್ರಿ. ತೊಟ್ಟಿನ ಕಡೆ ಒಂದೆರಡು ಹಸೀವು ಉಳದಿರತಾವು."

ಹಾಲು ಗಟ್ಟಿಯಾಗದ ಕಾಳು. ಹಸಿಯೆಂದು ಕಂಡರೂ ಕೆಂಡದ ಝಳ ಒಳಗೆ ಹೊಕ್ಕಿರುತ್ತದೆ. ಸಾವಿರಕ್ಕೆ ಒಂದು ಮೊಳೆತರೆ ಹೆಚ್ಚು. ಮಹಾನಂದಾಳಿಗೆ ಅದು ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ಗುರುಬಸವ್ವನ ಬೆರಳುಗಳು ಹೊಟ್ಟಿನಲ್ಲಿ ಓಡುತ್ತಿದ್ದುದನ್ನು ನೋಡಿ, ಬಾತ ಕಾಲುಗಳನ್ನು ಮಡಚಿಕೊಂಡು ಮೊರದ ಈ ಬದಿಗೆ ಸರಿದು ಕೂತಳು. ಕನ್ನಡಕ ಸರಿಮಾಡಿಕೊಂಡು ಒಂದು ಬೋಳು ತೆನೆ ಕೈಗೆತ್ತಿಕೊಂಡಳು.

"ಇದ ನೋಡ್ರಿ." ಗುರುಬಸವ್ವ ಎರಡು ಬೆರಳಿನ ನಡುವೆ ಒಂದು ಕಾಳನ್ನು ಬೆಳಕಿಗೆ ಹಿಡಿದಿದ್ದಳು. "ಇದಕ್ಕ ಬೆಂಕಿ ಮುಟ್ಟಿಲ್ಲ."

ಮಹಾನಂದಾ ಕೈ ಚಾಚಿದಳು. ಸೀತನಿ ತಿಂದು ಮಸಿಯಾಗಿದ್ದ ಆ ಅಂಗೈಯ ನಡುವೆ ಗುರುಬಸವ್ವ ಕಾಳನ್ನಿಟ್ಟು, ಮತ್ತೆ ಮೊರದ ಮೇಲೆ ಬಾಗಿದಳು.