ಎಂಟನೆಯ ಹಲಗೆ

ಆರನೆಯ ಎಲೆಯ ಬೆನ್ನನ್ನು ಒದ್ದೆ ಹತ್ತಿಯಿಂದ ಒರೆಸುತ್ತಿದ್ದಾಗ ನನ್ನ ಕೈ ತಾನಾಗಿ ನಿಂತಿತು. ಅಲ್ಲಿ ಏನೂ ಇರಲಿಲ್ಲ. ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ನುಣ್ಣಗೆ, ಖಾಲಿ. ಜರಿಗಿಡದ ಎಲೆಯ ಕೆಳಗೆ ಸಾಲಾಗಿ ಕಂದು ಚುಕ್ಕೆಗಳಿರಬೇಕು. ಮುಂದೆ ಹುಟ್ಟಬೇಕಾದ ಗಿಡಗಳೆಲ್ಲ ಆ ಚುಕ್ಕೆಗಳಲ್ಲೇ ಮಲಗಿರುತ್ತವೆ. ಒರೆಸಿ ಮುಗಿಸಿದ್ದ ಐದು ಎಲೆಗಳನ್ನೂ ಮತ್ತೆ ತಿರುವಿ ನೋಡಿದೆ. ಒಂದರಲ್ಲೂ ಇರಲಿಲ್ಲ.

ನಾನು ಕೆಲಸ ಮಾಡುವ ಸಸ್ಯೋದ್ಯಾನದಲ್ಲಿ ಎರಡು ಗಾಜಿನ ಮನೆಗಳಿವೆ. ಒದ್ದೆ ಮನೆಯೊಳಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಅಲ್ಲಿನ ಎಲೆಗಳ ತುದಿ ಚೂಪಾಗಿ, ಸುರಿದ ನೀರನ್ನೆಲ್ಲ ಜಾರಿಸಿಬಿಡುತ್ತದೆ. ಬೇರುಗಳು ಗಾಳಿಯಲ್ಲೇ ಜೋತಾಡುತ್ತಾ ತೇವ ಕುಡಿಯುತ್ತವೆ. ಇಡೀ ದಿನ ಟಪ್ ಟಪ್ ಎಂಬ ಸದ್ದು, ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗೆ. ಒಣ ಮನೆಯಲ್ಲಿ ಸದ್ದೇ ಇಲ್ಲ. ಕಳ್ಳಿಗಳು ಎಲೆಗಳನ್ನು ಮುಳ್ಳಾಗಿಸಿಕೊಂಡು, ಹೊಟ್ಟೆಯಲ್ಲಿ ನೀರಿಟ್ಟುಕೊಂಡು, ಹಗಲೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತವೆ. ಎರಡು ಮನೆಗಳ ನಡುವೆ ಒಂದು ಓಣಿ, ಓಣಿಯಲ್ಲಿ ಕುಂಡ ಇಡಲು ಎಂಟು ಹಲಗೆ; ಒಂದೊಂದು ಹಲಗೆ ದಾಟಿದಂತೆ ಹವೆ ಇನ್ನಷ್ಟು ಒಣ. ಒಂದು ಗಿಡವನ್ನು ಆ ಮನೆಯಿಂದ ಈ ಮನೆಗೆ ತರಬೇಕಾದರೆ ಸೋಮವಾರಕ್ಕೊಂದು ಹಲಗೆಯಂತೆ ಸರಿಸುತ್ತೇವೆ. ಇದಕ್ಕೆ ನಾವು ‘ನಡೆಸುವುದು’ ಅನ್ನುತ್ತೇವೆ.

ಒದ್ದೆ ಮನೆಯಲ್ಲಿ ಜಾಗ ಸಾಲದೆ ನಾಲ್ಕು ಜರಿಗಿಡಗಳನ್ನು ನಡೆಸಿದ್ದೆವು. ಮೂರು ಗಿಡ ಓಣಿಯಲ್ಲೇ ಸತ್ತವು. ಎಂಟನೆಯ ಹಲಗೆ ದಾಟಿ ಒಣ ಮನೆ ಸೇರಿದ್ದು ಇದೊಂದೇ. ನಡೆಸಿದವಳು ನಾನೇ ಆದ್ದರಿಂದ ವಾರಗಟ್ಟಲೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ದೊಡ್ಡ ಮಾಲಿ ಬಂದರು. ಕೈಯಲ್ಲಿ ಖಾಲಿ ತಗಡಿನ ಫಲಕ, ಬಣ್ಣದ ಡಬ್ಬಿ.

“ತಗೋಮ್ಮ, ನಿನ್ನ ಕೈಬರಹ ಚೆನ್ನಾಗಿದೆ. ‘ಒಣ ಹವೆಗೆ ಹೊಂದಿಕೊಂಡ ಜರಿಗಿಡ’ ಅಂತ ಬರಿ. ನಾನು ಬರೆದ್ರೆ ಅಕ್ಷರಕ್ಕೂ ನೀರು ಹಾಕ್ಬೇಕಾಗುತ್ತೆ.”

“ಇದು ಹೊಂದ್ಕೊಂಡಿಲ್ಲ ಅಣ್ಣ. ಎಲೆ ಕೆಳಗೆ ನೋಡಿ.”

ಅವರು ಬಗ್ಗಿ ನೋಡಿದರು. “ಬದುಕಿದೆಯಲ್ಲ.”

“ಬದುಕಿದೆ.”

“ಎಲೆ ಸಣ್ಣ ಮಾಡ್ಕೊಂಡಿದೆ, ದಪ್ಪ ಮಾಡ್ಕೊಂಡಿದೆ. ಇನ್ನೇನು ಬೇಕು ನಿಂಗೆ, ಎದ್ದು ಕುಣೀಬೇಕಾ?” ಎಂದು ನಕ್ಕರು. ಆಮೇಲೆ ಕಳ್ಳಿಯ ಕುಂಡದ ಅಂಚನ್ನು ತಟ್ಟುತ್ತಾ, “ಇವಕ್ಕೇನೋ ತಲತಲಾಂತರದ ಅಭ್ಯಾಸ ಬಿಡು. ಬಾಯಾರಿಕೆ ಅನ್ನೋದೇ ಇಲ್ಲ. ಈ ಜರಿಗಿಡಕ್ಕೆ ಮಾತ್ರ ಇದೆ” ಅಂದರು.

ಅವರು ಹೋದ ಮೇಲೆ ಕುಂಚ ಹಿಡಿದು ಕೂತೆ. ಬಿಸಿಲು ಗಾಜಿನಿಂದ ಇಳಿದು ಬಂದು ಮಡಿಲಲ್ಲಿ ಬೆಕ್ಕಿನ ಹಾಗೆ ಮಲಗಿತು. ಕಣ್ಣು ಎಳೆದಂತಾಗಿ, ಬೆಳಗಿನ ನಮ್ಮ ಮನೆ ಗಾಜಿನ ಆಚೆಗೆ ನಿಂತಂತೆ ಕಂಡಿತು.

ನಮ್ಮದು ಗಡಿಯಾರ ರಿಪೇರಿಯವರ ಮನೆ. ಮುಂದಿನ ಕೋಣೆಯೇ ಅಂಗಡಿ. ಯಜಮಾನರೂ ಮಗನೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಜೋರಾಗಿ ಉಸಿರಾಡುವ ಹಾಗೂ ಇಲ್ಲ; ಸಾಸಿವೆಗಿಂತ ಸಣ್ಣ ಸ್ಕ್ರೂ ಹಾರಿಹೋಗುತ್ತದೆ. ಮೂವತ್ತು ವರ್ಷದಿಂದ ನಾನು ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತೇನೆ. ಸೊಸೆ ಹಿಟ್ಟಿನ ಗಿರಣಿಯವರ ಮಗಳು. ಗಿರಣಿಯ ಗದ್ದಲವನ್ನು ಮೀರಿ ಕೂಗಿ ಕೂಗಿ ಬೆಳೆದ ಹುಡುಗಿ. ಬಂದ ಹೊಸದರಲ್ಲಿ ಬಚ್ಚಲಲ್ಲಿ ಹಾಡುತ್ತಿದ್ದಳು, ಬಾಗಿಲಲ್ಲಿ ನಿಂತು ಬೀದಿಯ ಆ ಕೊನೆಯವರನ್ನು ಮಾತಾಡಿಸುತ್ತಿದ್ದಳು. “ಮೆತ್ತಗೆ ಕಣೇ” ಎಂದು ಮೊದಲು ಹೇಳಿದವಳು ನಾನೇ. ಬೈಯಲಿಲ್ಲ. ದಿನಕ್ಕಿಷ್ಟು, ವಾರಕ್ಕಿಷ್ಟು, ನಗುನಗುತ್ತಲೇ ಹೇಳಿದೆ.

ಈಗ ಗಿರಣಿಯ ಎದುರಿಗೆ ಎರಡು ಕೋಣೆಯ ಮನೆ ಖಾಲಿಯಾಗಿದೆ. ಗಂಡನ ಜೊತೆ ಅಲ್ಲಿಗೆ ಹೋಗಬೇಕೆಂದು ಅವಳ ಆಸೆ. ಇವತ್ತು ಸಂಜೆಯೊಳಗೆ ಆ ಮನೆಯ ಮಾಲೀಕರಿಗೆ ತಿಳಿಸಬೇಕು. ಬೆಳಿಗ್ಗೆ ತಲೆ ತಗ್ಗಿಸಿ ಒಂದೇ ಸಲ ಕೇಳಿದಳು. ಯಜಮಾನರು ಭೂತಗನ್ನಡಿ ತೆಗೆಯದೆ, “ಈಗಷ್ಟೇ ನಮ್ಮನೆಗೆ ಹೊಂದ್ಕೊಂಡಿದ್ದೀಯ. ಈಗ್ಯಾಕಮ್ಮ ಬೇರೆ ಮನೆ?” ಅಂದರು. ಮಗ, “ಅಮ್ಮ ಹೆಂಗೆ ಹೇಳ್ತಾಳೋ ಹಂಗೆ” ಎಂದು ಜಾರಿಕೊಂಡ. ಎಲ್ಲರೂ ನನ್ನ ಮುಖ ನೋಡಿದರು. “ಸಂಜೆ ಹೇಳ್ತೀನಿ” ಅಂದು ಚಪ್ಪಲಿ ಮೆಟ್ಟಿದೆ.

ಬೇಡ ಅನ್ನುವುದೆಂದೇ ಇದ್ದೆ. ನಮ್ಮ ಮನೆಯಲ್ಲಿ ನನಗೆ ಜೊತೆ ಅಂತ ಇರುವವಳು ಅವಳೊಬ್ಬಳೇ. ರಾತ್ರಿಯ ಅಡುಗೆಗೆ ಇಬ್ಬರೂ ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಅರ್ಧ ಗಂಟೆಗಾಗಿ ನಾನು ಇಡೀ ದಿನ ಕಾಯುತ್ತೇನೆ.

ಫಲಕದ ಮೇಲೆ ‘ಜರಿಗಿಡ’ ಎಂದಷ್ಟೇ ಬರೆದು ಒಣಗಲು ಇಟ್ಟು ಮನೆಗೆ ಹೊರಟೆ.

ಅಂಗಡಿಯ ಕೋಣೆ ಖಾಲಿ ಇತ್ತು. ಅಪ್ಪ ಮಗ ಇಬ್ಬರೂ ಶಾಲೆಯ ಗೋಡೆ ಗಡಿಯಾರ ಬಿಚ್ಚಲು ಹೋಗಿದ್ದರು. ಸೊಸೆ ಬಾಗಿಲಿಗೆ ಬಂದು, ನನ್ನ ಚೀಲ ಇಸಿದುಕೊಂಡು, ಪಿಸುಮಾತಿನಲ್ಲಿ ಕೇಳಿದಳು: “ಅತ್ತೆ, ಟೀ ಮಾಡ್ಲಾ?”

“ಮಾಡು. ಅವರು ಬರೋದು ಯಾವಾಗಂತೆ?”

“ಇನ್ನೂ ಒಂದು ಗಂಟೆ ಆಗುತ್ತಂತೆ.” ಅದೂ ಪಿಸುಮಾತೇ.

“ಮತ್ಯಾಕೆ ಹಿಂಗೆ ಮಾತಾಡ್ತಿದ್ದೀಯ? ಮನೇಲಿ ಯಾರೂ ಇಲ್ವಲ್ಲ.”

ಅವಳು ನನ್ನನ್ನೇ ನೋಡಿದಳು. “ಹೆಂಗೆ?” ಅಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಒಳಗೆ ಹೋದಳು. ಒಲೆ ಹೊತ್ತಿತು, ಪಾತ್ರೆ ಇಳಿಯಿತು, ಮುಚ್ಚಳ ಕೂತಿತು. ಒಂದೂ ಸದ್ದಾಗಲಿಲ್ಲ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಕಲಿತಿದ್ದಳು. ಲೋಟ ತಂದು ಕೊಟ್ಟು ನನ್ನ ಪಕ್ಕ ಗೋಡೆಗೊರಗಿ ಕೂತಳು. ಬೆಳಗಿನ ಮಾತು ತೆಗೆಯಲಿಲ್ಲ, ಸುಮ್ಮನೆ ತನ್ನ ಬಳೆಗಳನ್ನು ಸದ್ದಾಗದಂತೆ ಮೊಣಕೈಯತ್ತ ಏರಿಸಿಕೊಂಡಳು.

ಇವಳು ಹೋಗಲಿ, ಎಂದುಕೊಂಡೆ. ಅವರು ಬಂದು ಕೇಳಿದಾಗ ಹಾಗೆಯೇ ಹೇಳುತ್ತೇನೆ. ಅಲ್ಲಿಯವರೆಗೆ ಒಂದು ಗಂಟೆ ಇತ್ತು. ಅವಳಿಗೂ ಹೇಳದೆ, ಟೀ ಆರಲಿ ಎಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಪಕ್ಕದಲ್ಲೇ ಕೂತೆ.