ಜೋಡಗಲ್ಲಿನ ಪಾಲಿನಾಕಿ

ಭೀಮಾ ದಂಡೆಯ ದೇವಣಗಾಂವದಿಂದ ಹೊರಟು, ಬಸವನ ಬಾಗೇವಾಡಿಯ ಮಡ್ಡಿಗಳನ್ನು, ಆ ಕಲ್ಲುನೆಲದ ಬಯಲುಗಳನ್ನು ದಾಟಿ, ನಿಡಗುಂದಿಯ ನೀರಾವರಿ ಹೊಲಗಳ ತನಕ ಕುರಿ ಮೇಯಿಸಿಕೊಂಡು ಹೋಗುವವರು, ಕುರಿ ಬಯಲಲ್ಲಿರುವಾಗ ತೋಳವನ್ನು ತೋಳ ಎನ್ನುವುದಿಲ್ಲ. ಪಾಲಿನಾಕಿ ಎನ್ನುತ್ತಾರೆ. ಹಿಂಡಿನಲ್ಲಿ ವರ್ಷಕ್ಕೊಂದು ಮರಿ ಅವಳ ಪಾಲು. ಹೋದಾಗ ಬೈಯುತ್ತಾರೆ, ಬೆನ್ನಟ್ಟುತ್ತಾರೆ, ಬೆಳಗಾದ ಮೇಲೆ ಮರೆಯುತ್ತಾರೆ. ಆದರೆ ಅವಳು ಎಲ್ಲಿ ಈದಿದ್ದಾಳೆ ಎಂಬುದನ್ನು ಕಂಡವನು ಇನ್ನೊಬ್ಬನಿಗೆ ಹೇಳುವಂತಿಲ್ಲ, ಒಡಹುಟ್ಟಿದವನಿಗೂ ಇಲ್ಲ. ಈ ಕಟ್ಟಳೆಯನ್ನು ಹಾಕಿದವರು ಯಾರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುರಿದವನು ಯಾರೆಂದು ಕೇಳಿದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಹೆಸರು: ಸೋಮನಿಂಗ.

ಸೋಮನಿಂಗ ಐವತ್ತೈದು ದಾಟಿದ ಕುರುಬ. ಮಾತು ಕಡಿಮೆ, ನಡಿಗೆ ಹೆಚ್ಚು. ಮುರಿದ ಹುಲ್ಲಿನೆಳೆ ನೋಡಿ ಹೋದದ್ದು ನರಿಯೋ ನಾಯಿಯೋ ಹೇಳಬಲ್ಲವನು. ಅದೇ ವಿದ್ಯೆಗಾಗಿ ಅಮಿತ ಅವನನ್ನು ಹುಡುಕಿಕೊಂಡು ಬಂದ.

ಅಮಿತ ಮನಗೂಳಿಯ ಕಾಳಿನ ಅಂಗಡಿಯವರ ಮಗ. ಆಫ್ರಿಕಾದ ಜಾಂಬಿಯಾದಲ್ಲಿ ನಾಲ್ಕು ವರ್ಷ ಒಂದು ಡೇರೆ ಶಿಬಿರದ ಉಸ್ತುವಾರಿ ನೋಡಿದ್ದ. ಅಲ್ಲಿ ಜೀಪು ಹತ್ತದೆ, ದಾರಿ ಬಲ್ಲವನ ಬೆನ್ನ ಹಿಂದೆ ಒಂದೇ ಸಾಲಿನಲ್ಲಿ ನಡೆದು, ಆನೆ ಸಿಂಹಗಳನ್ನು ದೂರದಿಂದ ನೋಡಿ, ಸಂಜೆಗೆ ಡೇರೆಯಲ್ಲಿ ತಂಗುವ ಪ್ರವಾಸಿಗರಿದ್ದರು. ಊರಿಗೆ ಮರಳಿದವನು ಅದನ್ನೇ ಬಾಗೇವಾಡಿಯ ಮಡ್ಡಿಯ ಮೇಲೆ, ಚಳಿಗಾಲದ ಎರಡು ತಿಂಗಳು, ಮಾಡಿ ನೋಡಲು ಹೊರಟ. ಆರು ಡೇರೆ. ಒಲೆ ಸೋಮನಿಂಗನ ಹೆಂಡತಿ ಇಂದ್ರಾಬಾಯಿಯದು. ಸಾಲಿನ ಮುಂದೆ ನಡೆಯುವವನು ಸೋಮನಿಂಗ. ಅವನ ಹಿಂಡು ಅಷ್ಟು ದಿನ ಭಾವಮೈದುನನ ಸುಪರ್ದಿಯಲ್ಲಿ.

ಜಾಂಬಿಯಾದಲ್ಲಿ ಸಾಲಿನ ಮುಂದೆ ನಡೆಯುವ ಮುಂದಾಳುಗಳಂತೆ ಇವನಿಗೂ ಅಮಿತ ಒಂದು ಹಸಿರು ಅಂಗಿ ತಂದಿದ್ದ. ಎಂಟು ಕಿಸೆಯ ದಪ್ಪ ಅಂಗಿ. ಸೋಮನಿಂಗ ಅದನ್ನು ಮುಟ್ಟಲಿಲ್ಲ.

"ಕಂಬಳಿ ಬಿಟ್ಟು ಇದನ್ನ ಹಾಕ್ಕೊಂಡ್ರ ನನ್ನ ಕುರೀನ ನನ್ನ ನೋಡಿ ಓಡ್ತಾವು, ಸಾವಕಾರ. ಇರ್ಲಿ, ಗೂಟಕ್ಕ ಹಾಕ್ರಿ. ಹಕ್ಕಿ ಬೆದರಸಾಕ ಆಗ್ತೈತಿ."

ಅಂಗಿ ಅಮಿತನ ಡೇರೆಯ ಕಂಬಕ್ಕೆ ತೂಗಿಬಿತ್ತು.

ಮೂರನೆಯ ತಂಡದಲ್ಲಿ ಸೊಲ್ಲಾಪುರದ ವೈದ್ಯೆ ವಿಜಯಲಕ್ಷ್ಮಿ ಬಂದಿದ್ದರು. ಜೊತೆಗೆ ಅವರ ನಾಲ್ವರು ಗೆಳೆಯರು. ಎರಡು ದಿನ ನಡೆದರೂ ಅವರಿಗೆ ಕಂಡದ್ದು ಚಿಗರಿಯ ಒಂದು ಹಿಂಡು, ಎರಡು ಮೊಲ, ಮಣ್ಣಿನಲ್ಲಿ ತೋಳದ ಹೆಜ್ಜೆ. ಎರಡನೆಯ ಸಂಜೆ ಚಹಾ ಕುಡಿಯುವಾಗ ವೈದ್ಯೆ ನಗುತ್ತ ಕೇಳಿದರು:

"ಸೋಮನಿಂಗಣ್ಣಾರ, ನಿಮ್ಮ ಪಾಲಿನಾಕಿ ಕತಿಯೊಳಗ ಅಷ್ಟ ಇರ್ತಾಳೋ, ಮಡ್ಡಿ ಮ್ಯಾಲೂ ಇರ್ತಾಳೋ?"

ಅಮಿತ ಮಾತು ಎತ್ತಿಕೊಂಡ. "ಮೇಡಂ, ಅಲ್ಲಿ ಬಾಂದಾ ಅಂತ ಒಬ್ಬ ಮುಂದಾಳು ಇದ್ದ. ಸಿಂಹದ ಮುಂದ ಐವತ್ತ ಹೆಜ್ಜಿಗೆ ನಿಂದರಿಸಿ, ಉಸರ ಬಿಡಬ್ಯಾಡ್ರಿ ಅಂತಿದ್ದ. ನಮ್ಮ ಕಾಕಾ ಹೆಜ್ಜಿ ತೋರಿಸೇ ಎರಡ ದಿನ ಕಳದ್ರು."

ಎಲ್ಲರೂ ನಕ್ಕರು. ಸೋಮನಿಂಗನೂ ನಕ್ಕ. ಆದರೆ ಎಂಟು ವರ್ಷದಿಂದ ಅವಳು ಎಲ್ಲಿ ಈಯುತ್ತಾಳೆಂದು ಬಲ್ಲವನು ಅವನೊಬ್ಬನೇ. ಈ ಸಲದ ಮರಿಗಳು ಕಣ್ಣು ಬಿಟ್ಟಿವೆ ಎಂಬುದೂ ಅವನಿಗೆ ಗೊತ್ತು. ಲೋಟ ಕೆಳಗಿಟ್ಟು ಹೇಳಿದ:

"ನಾಳೆ ಹೊತ್ತು ಹುಟ್ಟೂ ಮುಂಚೆ ಎದ್ದ ಬರ್ರಿ. ಫೋನು ಕಿಸೇದಾಗ ಇರಬೇಕು. ನನ್ನ ಕಂಬಳಿ ಹಿಂದ ನಡೀಬೇಕು."

ಒಲೆಯ ಬಳಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಪ್ರವಾಸಿಗರು ಎದ್ದುಹೋದ ಮೇಲೆ ಇಂದ್ರಾಬಾಯಿ ಹಂಚಿನಿಂದ ಕಣ್ಣೆತ್ತದೆ ಕೇಳಿದಳು: "ನಾಕ ಮಂದಿ ನಕ್ಕಿದ್ದಕ್ಕ ಬಾಣಂತಿ ಮನಿ ತೋರಸ್ತೀರೇನು?"

ಸೋಮನಿಂಗ ಲೋಟ ತೊಳೆದಿಟ್ಟ. ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಅಮಿತನ ಬಾಂದಾ ಅಡ್ಡ ನಿಂತಿದ್ದ.

ಮಡ್ಡಿಯ ಬಡಗಣ ಅಂಚಿನಲ್ಲಿ ಒಂದು ಒಣಹಳ್ಳವಿದೆ. ಅದರ ದಂಡೆಯಲ್ಲಿ ಎರಡು ಬಂಡೆಗಳು, ದಣಿದ ಅಣ್ಣತಮ್ಮಂದಿರು ಒಬ್ಬರ ಹೆಗಲಿಗೊಬ್ಬರು ಒರಗಿದಂತೆ ನಿಂತಿವೆ. ಕುರುಬರು ಅದನ್ನು ಜೋಡಗಲ್ಲು ಎನ್ನುತ್ತಾರೆ. ಬಂಡೆಗಳ ಬುಡದಲ್ಲಿ ಬಿಲ. ಸಾಲು ಅಲ್ಲಿಗೆ ತಲುಪಿದಾಗ ಬಿಲದ ಬಾಯಲ್ಲಿ ಎಳೆ ಬಿಸಿಲಿಗೆ ಮೈಯೊಡ್ಡಿ ಪಾಲಿನಾಕಿ ಮಲಗಿದ್ದಳು. ಅವಳ ಹೊಟ್ಟೆಯ ಮೇಲೆ ಐದು ಮರಿ.

ಗಾಳಿ ಸೋಮನಿಂಗನ ಬೆನ್ನಿನಿಂದ ಅವಳ ಕಡೆಗೆ ಬೀಸುತ್ತಿತ್ತು. ಬೇರೆ ಯಾರ ವಾಸನೆಯಾದರೂ ಅವಳು ಎದ್ದು ಹೋಗುತ್ತಿದ್ದಳು. ಆದರೆ ಸಾಲಿನ ಮುಂದೆ, ಹಿಂದಿನವರ ವಾಸನೆಯನ್ನೆಲ್ಲ ಮುಚ್ಚಿಕೊಂಡು, ಇದ್ದದ್ದು ಕುರಿಯ ಎಣ್ಣೆ, ಹೊಗೆ, ಹಾಲು ಕುಡಿದ ಆ ಕರಿ ಕಂಬಳಿ. ಎಂಟು ವರ್ಷದಲ್ಲಿ ಆ ಕಂಬಳಿಯಿಂದ ಅವಳ ಕಡೆಗೆ ಒಂದು ಕಲ್ಲೂ ಬಂದಿರಲಿಲ್ಲ. ಅವಳು ತಲೆಯೆತ್ತಿದಳು, ಮೂಸಿದಳು, ಮತ್ತೆ ತಲೆಯಿಟ್ಟಳು. ವೈದ್ಯೆಯ ಕಣ್ಣಲ್ಲಿ ನೀರು ತುಂಬಿತ್ತು. ಆ ನೀರಿನ ನಡುವೆಯೇ ಅವರು ಒಂದೇ ಒಂದು ಫೋಟೊ ತೆಗೆದರು. ಮುಂದಿದ್ದ ಸೋಮನಿಂಗನಿಗೆ ಅದು ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಬಸಣ್ಣ ಡೇರೆಯ ಹತ್ತಿರ ಬಂದ. ಮುದ್ದೇಬಿಹಾಳ ಕಡೆಯ ಕುರಿಗಾರ. ಸೋಮನಿಂಗನಿಗಿಂತ ಹತ್ತು ವರ್ಷ ಚಿಕ್ಕವನು.

"ಏನ ಕಾಕಾ, ಡೇರೆದಾಗ ಇರಾಕತ್ತಿ. ಇನ್ನ ನಿನ್ನ ಸಾಹೇಬ ಅನ್ನಬೇಕೇನು?"

"ಕುಂಡ್ರು. ರೊಟ್ಟಿ ತಿನ್ನು."

"ತಿಂತೇನಿ. ಮೊದಲ ಇದನ್ನ ನೋಡು."

ಬಸಣ್ಣನ ಫೋನಿನಲ್ಲಿ ಪಾಲಿನಾಕಿ ಮಲಗಿದ್ದಳು. ಐದು ಮರಿಗಳೂ ಎಣಿಸುವಂತೆ ಕಾಣುತ್ತಿದ್ದವು. ಸೋಮನಿಂಗ ಫೋನನ್ನು ಹಿಂತಿರುಗಿಸಿದ.

"ಎಲ್ಲಿದೋ ಏನೋ."

"ನನಗ ಗೊತ್ತೈತಿ ಎಲ್ಲೀದಂತ. ಆ ಕಲ್ಲಿನ ನೆಳ್ಳಾಗ ನಾನೂ ಬುತ್ತಿ ಉಂಡೇನಿ. ಪ್ಯಾಟಿ ಮಂದಿ ತ್ವಾಳ ನೋಡ್ತಾರ ಕಾಕಾ, ನಾ ಕಲ್ಲ ನೋಡಿದೆ."

"ಪಾಲು ಅಂತ ಬಿಡು, ಬಸಣ್ಣ."

"ಪಾಲು ವರ್ಷಕ್ಕ ಒಂದು. ನನ್ನವು ಈ ತಿಂಗಳಾಗ ನಾಕ ಹೋದ್ವು. ನಾಳೆ ಮುಂಜಾನೆ ಆರಕ್ಕ ಮೂರ ಮಂದಿ ಬರ್ತೀವಿ. ಹೊಗಿ ಹಾಕಿ, ಬಿಲದ ಬಾಯಿಗೆ ಕಲ್ಲ ತುಂಬಿ ಹೋಗ್ತೀವಿ." ಅವನು ರೊಟ್ಟಿ ಮುರಿದ. "ನಿನಗ ಹೇಳದ ಮಾಡಬಾರದಂತ ಬಂದೆ. ನಾ ಏನು ಹುಡುಕಿಲ್ಲ. ಮನಿ ತೋರಿಸಿದಾಂವ ನಾ ಅಲ್ಲ."

ಬಸಣ್ಣ ಹೋದ ಮೇಲೆ ಸೋಮನಿಂಗ ಅಮಿತನನ್ನು ಕರೆದ. ಬಸಣ್ಣನ ಮಾತು ಕೇಳಿ ಅಮಿತ ತಡಬಡಿಸಿದ. "ಫೋಟೊ ಹಾಕೂ ಮುಂದ ಮೇಡಂ ನನ್ನ ಕೇಳಿದ್ರು, ಕಾಕಾ. ಊರ ಹೆಸರ ಹಾಕಬ್ಯಾಡ್ರಿ ಅಂತ ನಾನ ಹೇಳಿದೆ. ಜಾಂಬಿಯಾದಾಗೂ ಹಂಗ ಮಾಡ್ತಿದ್ವಿ." ವೈದ್ಯೆ ಫೋಟೊ ಅಳಿಸಿದರು, ಅಷ್ಟರಲ್ಲಿ ಅದು ಎಷ್ಟೋ ಫೋನುಗಳಲ್ಲಿ ಕೂತಿತ್ತು. ಅರಣ್ಯ ಇಲಾಖೆಯವರಿಗೆ ಅಮಿತ ಫೋನು ಮಾಡಿದ. ದೂರದ ದಾರಿ, ನಾಳೆ ಹತ್ತರ ಹೊತ್ತಿಗೆ ಬರುತ್ತೇವೆ ಎಂದರು. ಬಸಣ್ಣ ಬರುವುದು ಆರಕ್ಕೆ.

ಅವಳು ಇಂದೇ ಬಿಲ ಬಿಡಬೇಕು. ಬಿಡಿಸಬಲ್ಲವನು ತಾನೊಬ್ಬನೇ ಎಂದು ಸೋಮನಿಂಗ ಕೋಲು ಹಿಡಿದು ನಡೆದ.

ಹಳ್ಳದ ಈಚೆ ನಿಂತು ಕೂಗಿದ. ಕೋಲಿನಿಂದ ನೆಲ ಬಡಿದ. ಪಾಲಿನಾಕಿ ಕಿವಿ ತಿರುಗಿಸಿ ಅವನನ್ನು ನೋಡಿದಳು. ಗಾಳಿ ಕಂಬಳಿಯ ಮೇಲೆ ಹಾಯ್ದು ಅವಳನ್ನು ಮುಟ್ಟಿತು. ಅವಳು ಒಂದು ಮರಿಯ ಬೆನ್ನು ನೆಕ್ಕತೊಡಗಿದಳು. ಅವನು ಕಲ್ಲೊಂದನ್ನು ಎತ್ತಿಕೊಂಡ. ಕೈ ಮೇಲೆ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಬಂತು. ಕಂಬಳಿಯ ವಾಸನೆ ಇರುವ ತನಕ ಎಸೆದರೂ ಅವಳು ಅದನ್ನು ನಂಬುವುದಿಲ್ಲ ಎಂಬುದು ಅವನಿಗೆ ಹೊಳೆಯಿತು.

ಅವನು ಡೇರೆಗೆ ಮರಳಿದ. ಕಂಬಳಿ ತೆಗೆದು ಇಂದ್ರಾಬಾಯಿಯ ಕೈಗೆ ಕೊಟ್ಟ. ವೈದ್ಯೆಯ ಪರಿಮಳದ ಸಾಬೂನು ಕೇಳಿ ಪಡೆದು ಕೈ, ಮುಖ, ಎದೆ ತಿಕ್ಕಿ ತೊಳೆದ. ಸೊಳ್ಳೆಗೆಂದು ಅವರು ಹಚ್ಚಿಕೊಳ್ಳುತ್ತಿದ್ದ ಘಾಟಿನ ಎಣ್ಣೆಯನ್ನು ಕುತ್ತಿಗೆಗೆ ಸವರಿಕೊಂಡ. ಆಮೇಲೆ ಕಂಬದಿಂದ ಹಸಿರು ಅಂಗಿ ಇಳಿಸಿ ತೊಟ್ಟ.

"ಕಡೀಕೂ ಹಾಕ್ಕೊಂಡ್ರಿ, ಕಾಕಾ," ಎಂದ ಅಮಿತ, ಅವನ ಉಪಾಯ ತಿಳಿಯದೆ.

"ಹೌದು. ಇವತ್ತ ನಾ ಪರದೇಶಿ ಆಗಬೇಕು."

ಹೊತ್ತು ಇಳಿಯತೊಡಗಿತ್ತು. ಅವನು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಜೋಡಗಲ್ಲಿನತ್ತ ನಡೆದ. ಐವತ್ತು ಹೆಜ್ಜೆ ಇರುವಾಗಲೇ ಪಾಲಿನಾಕಿ ಎದ್ದು ನಿಂತಳು. ಬೆನ್ನಿನ ಕೂದಲು ನಿಮಿರಿತು, ತುಟಿ ಮೇಲಕ್ಕೆ ಹೋಗಿ ಹಲ್ಲು ಕಂಡವು. ಎಂಟು ವರ್ಷದಲ್ಲಿ ಅವನು ಆ ಹಲ್ಲು ನೋಡಿರಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಗುರುತಿರಲಿಲ್ಲ. ಬೇಕಾದದ್ದು ಅದೇ ಆಗಿತ್ತು.

ಒಂದು ಮರಿಯ ಕುತ್ತಿಗೆ ಕಚ್ಚಿ ಅವಳು ಹಳ್ಳ ಇಳಿದು ಆಚೆ ದಿಬ್ಬ ಹತ್ತಿದಳು. ಮರಳಿ ಬಂದಳು, ಇನ್ನೊಂದು. ಮತ್ತೊಂದು. ನಾಲ್ಕನೆಯದನ್ನು ಒಯ್ಯುವಾಗ ಸೂರ್ಯ ಜೋಳದ ತೆನೆಗಳ ಮಟ್ಟಕ್ಕೆ ಬಂದಿದ್ದ. ಐದನೆಯದು ಬಿಲದ ಬಾಯಲ್ಲಿ ಕುಳಿತು ಸಣ್ಣಗೆ ಕೊರಗುತ್ತಿತ್ತು. ಅವಳು ಬರಲಿಲ್ಲ.

ಸೋಮನಿಂಗ ಕಾದ. ತಾನು ನಿಂತಿರುವುದರಿಂದಲೇ ಬರುತ್ತಿಲ್ಲವೇನೋ. ಹೋದರೆ, ಅಂಜಿಕೆ ಹೋಯಿತೆಂದು ನಾಲ್ಕನ್ನೂ ತಿರುಗಿ ಇಲ್ಲಿಗೇ ತಂದಾಳು, ನಾಳೆ ಹೊಗೆ. ಎತ್ತಿ ಆಚೆ ದಿಬ್ಬಕ್ಕೆ ಇಟ್ಟು ಬರೋಣವೆಂದರೆ ಕೈಗೆಲ್ಲ ಸಾಬೂನು, ಘಾಟಿನ ಎಣ್ಣೆ. ತಬ್ಬಲಿ ಮರಿಯನ್ನು ಕುರಿಯ ಮೊಲೆಗೆ ಹಚ್ಚುವಾಗ ಅವನು ಮೊದಲು ಅದರ ಮೈಗೆ ಆ ಕುರಿಯ ಹಾಲನ್ನೇ ಸವರುತ್ತಿದ್ದ. ವಾಸನೆ ಬೇರೆಯಾದರೆ ತಾಯಿ ಒದೆಯುತ್ತದೆ. ಇಲ್ಲಿ ಸವರಲು ಅವನ ಬಳಿ ಏನೂ ಇರಲಿಲ್ಲ.

ಕೊನೆಗೆ ಅವನು ಅಂಗಿ ಬಿಚ್ಚಿ ಬಿಲಕ್ಕೆ ಹತ್ತು ಮಾರು ದೂರದ ಜಾಲಿಗಿಡಕ್ಕೆ ತೂಗುಹಾಕಿದ. ಅವಳು ಮತ್ತೆ ನೆಲೆ ನಿಲ್ಲಲು ಅಂಜುವಷ್ಟು ಹತ್ತಿರ, ಓಡಿಬಂದು ಮರಿಯನ್ನು ಎತ್ತಿಕೊಳ್ಳುವಷ್ಟು ದೂರ ಎಂದು ಅವನ ಲೆಕ್ಕ. ಬರಿಮೈಯಲ್ಲಿ ಚಳಿಗೆ ನಡುಗುತ್ತ ಡೇರೆಗೆ ಬಂದ. ಹಿಂದೆ ಕೊರಗು ಕೇಳುತ್ತಲೇ ಇತ್ತು.

ಬೆಳಿಗ್ಗೆ ಬಸಣ್ಣನ ಜೊತೆ ಅವನೂ ಹೋದ. ಬಿಲ ಬರಿದಾಗಿತ್ತು. ಅಂಗಿ ಜಾಲಿಯಲ್ಲಿ ತೂಗುತ್ತಿತ್ತು. ನೆಲ ಗಟ್ಟಿ ಕಲ್ಲು. ಐದನೆಯದನ್ನು ಒಯ್ದ ಬಾಯಿ ಯಾರದೆಂದು ಹೇಳುವ ಒಂದು ಹೆಜ್ಜೆಯೂ ಅಲ್ಲಿರಲಿಲ್ಲ. ಬಸಣ್ಣ ಅಂಗಿಯನ್ನೂ ಸೋಮನಿಂಗನನ್ನೂ ನೋಡಿದ. "ನೀನ ತೋರಿಸಿದಿ, ನೀನ ಬಿಡಿಸಿದಿ," ಎಂದಷ್ಟೇ ಹೇಳಿ ಹೊಗೆಗೆಂದು ತಂದ ಹುಲ್ಲನ್ನು ಅಲ್ಲೇ ಚೆಲ್ಲಿ ಹೋದ.

ಇಂಡಿ ತಾಲೂಕಿನ ಕಡೆ ಈ ಕಥೆ ಹೇಳುವವರು ತಾಯಿ ಬಂದು ಒಯ್ದಳು ಎನ್ನುತ್ತಾರೆ. ಮುದ್ದೇಬಿಹಾಳದ ಕಡೆಯವರು ನರಿಯ ಪಾಲಾಯಿತು ಎನ್ನುತ್ತಾರೆ. ಸೋಮನಿಂಗನನ್ನು ಕೇಳಿದರೆ ಅವನು ಎರಡನ್ನೂ ಹೇಳುವುದಿಲ್ಲ.

ಅಮಿತನ ಸಾಲಿನ ಮುಂದೆ ಅವನು ಮತ್ತೆ ನಡೆಯಲಿಲ್ಲ. ಮುಂದಿನ ಚಳಿಗಾಲದಲ್ಲಿ ಹಿಂಡು ಹೊಡೆದುಕೊಂಡು ಅದೇ ಮಡ್ಡಿಗೆ ಬಂದು, ಹಳ್ಳಕ್ಕೆ ಹತ್ತಿರ ಕುರಿಗೆ ಮುಳ್ಳುಬೇಲಿಯ ದಡ್ಡಿ ಕಟ್ಟಿದ. ಪ್ರತಿ ಬೆಳಿಗ್ಗೆ ಕುರಿ ಎಣಿಸಿದ. ಇಪ್ಪತ್ತು ದಿನ ಕಳೆದರೂ ಲೆಕ್ಕ ತುಂಬಿಯೇ ಇತ್ತು, ಅವಳ ಪಾಲಿನ ಮರಿಯೂ ದಡ್ಡಿಯಲ್ಲೇ ಇತ್ತು.

"ಎಲ್ಲಾ ಅದಾವು," ಎಂದಳು ಇಂದ್ರಾಬಾಯಿ. "ಮತ್ಯಾಕ ಎಣಸ್ತೀರಿ?"

ಅವನು ಮೊದಲಿನಿಂದ ಮತ್ತೆ ಎಣಿಸಿದ. ಒಂದೂ ಕಡಿಮೆ ಇರಲಿಲ್ಲ. ಸಂಜೆಯಾಗುತ್ತಲೇ ಕಂಬಳಿ ತೆಗೆದು ದಡ್ಡಿಯ ಗಾಳಿಬದಿಯ ಮುಳ್ಳಿನ ಮೇಲೆ ಹರವಿದ. ಗಾಳಿ ಅದರ ಮೇಲೆ ಹಾಯ್ದು ಜೋಡಗಲ್ಲಿನ ಕಡೆಗೆ ಇಳಿದು ಹೋಗುತ್ತಿತ್ತು. ಅವನು ಅದರ ಪಕ್ಕದಲ್ಲಿ, ಚಳಿಗೆ ಮೈಯೊಡ್ಡಿ, ಕುಳಿತ.